ಪೆನಿಯ ನಾಲ್ಕು ಚೌಕದ ಗಾಯನ

"ಚರ್ಚಿನ ಗಾಯನ ಮೇಳ ಯಾರಿಗೆ ಬೇಕು? ನಾನೊಬ್ಬನೇ ಒಂದು ಮೇಳ!" ಎಂದು ಪೆನಿ ಎದೆ ತಟ್ಟಿಕೊಂಡು ಘೋಷಿಸಿದ. ಸಮೋವಾದ ಆ ಹಳ್ಳಿಯಲ್ಲಿ ಹಾಡುವ ಗಂಟಲಿಗೇನೂ ಬರವಿರಲಿಲ್ಲ, ನಿಜ. ಆದರೂ ಮೇಳ ನಡೆಸುವ ಸೋಲಾ ತನ್ನಂಥವನನ್ನು ಹಿಂದಿನ ಸಾಲಿಗೆ ತಳ್ಳುವುದೆಂದರೇನು!

"ಮೇಳ ಆಮೇಲೆ ಆಗುವೆಯಂತೆ, ಮೊದಲು ಬಾಳೆಕಾಯಿ ಸುಲಿ" ಎಂದಳು ಹೆಂಡತಿ ಫೆತು.

"ಫೋನ್ ಪರದೇನ ನಾಲ್ಕು ಚೌಕ ಮಾಡ್ತೀನಿ ಕಣೇ. ಒಂದೊಂದ್ರಲ್ಲಿ ಒಂದೊಂದು ಸ್ವರ ಹಾಡೋ ವಿಡಿಯೊ. ನಾಲ್ಕೂ ನಾನೇ! ಈಗ ಲೋಕವೆಲ್ಲ ಹೀಗೇ ಮಾಡ್ತಿದೆ."

"ಹೆಂಗಸರ ಸ್ವರ?"

"ಅದೂ ನಾನೇ!"

ಮಧ್ಯಾಹ್ನದೊಳಗೆ ಮೂರು ಚೌಕ ತುಂಬಿದವು. ಹೆಂಗಸರ ಸ್ವರ ತೆಗೆದಾಗ ಕೋಳಿಗಳು ಅಂಗಳ ಬಿಟ್ಟು ಓಡಿದವು. ಬಾಳೆಕಾಯಿ ಸುಲಿದು ಮುಗಿಸಿ ನಾಲ್ಕನೆಯದಕ್ಕೆ ನಿಲ್ಲುವಷ್ಟರಲ್ಲಿ ಸಂಜೆಯಾಯಿತು. ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮುಚ್ಚಿ, ಸೊಂಟ ಕುಣಿಸುತ್ತಾ ಶುರುಮಾಡಿದ. ಅಷ್ಟರಲ್ಲಿ ಸಂಜೆಯ ಪ್ರಾರ್ಥನೆಗೆ ಶಂಖ ಮೊಳಗಿತು. ಶಂಖ ಊದಿದರೆ ಊರಿಗೆ ಊರೇ ಕೂತು ತಲೆ ತಗ್ಗಿಸಬೇಕು, ತಪ್ಪಿದವನಿಗೆ ಶಿಕ್ಷೆ. ಪೆನಿಯ ಕಿವಿಗೆ ಅದೆಲ್ಲಿ ಕೇಳಬೇಕು? ಗೋಡೆಯಿಲ್ಲದ ಮನೆ; ಅವನ ಬೆನ್ನ ಹಿಂದೆಯೇ ಚಾಪೆಯ ಮೇಲೆ ಫೆತು, ಮಕ್ಕಳು, ಫೆತುವಿನ ತಾಯಿ ಕೂತರು. ಫೆತು ಏಳುವಂತಿಲ್ಲ, ಕೂಗುವಂತಿಲ್ಲ! ತಾಯಿ ಮಾತ್ರ ತಗ್ಗಿಸಿದ ತಲೆ ಎತ್ತದೆಯೇ ಒಂದು ಚಪ್ಪಲಿ ಬೀಸಿ ಎಸೆದಳು. ಬೆನ್ನಿಗೆ ಬಿದ್ದ ಪೆಟ್ಟನ್ನು ಪೆನಿ ಸ್ಫೂರ್ತಿ ಎಂದುಕೊಂಡ.

ನಾಲ್ಕನ್ನೂ ಜೋಡಿಸುವಾಗ ಅವನು ತನ್ನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಊರಿಗೆಲ್ಲ ಕಳಿಸಿಯೇಬಿಟ್ಟ. ಊರು ಮಾತ್ರ ಎಲ್ಲವನ್ನೂ ನೋಡಿತು: ತಗ್ಗಿದ ತಲೆಗಳು, ಹಾರುವ ಚಪ್ಪಲಿ, ಅದರ ಮುಂದೆ ಕುಣಿಯುವ ಸೊಂಟ!

ಮರುದಿನವೇ ಹಿರಿಯರ ಸಭೆ ಕೂತಿತು. ಮುಖಂಡ ಲೆಯಾತಾ ನಗು ನುಂಗಿಕೊಂಡು ಕೇಳಿದ: "ಸಾಕ್ಷಿ ಬೇಕೇನಪ್ಪಾ?"

"ಬೇಡ ದೊಡ್ಡೋರೇ, ನಾನೇ ಕಳಿಸಿದ್ದೀನಲ್ಲ..."

"ಹಾಗಾದ್ರೆ ಭಾನುವಾರ ಮೇಳಕ್ಕೆ ರಜಾ. ನಾಲ್ಕೂ ಸ್ವರ ನೀನೇ ಹಾಡು. ಫೋನ್ ಗೀನ್ ಇಲ್ಲ!"

ಭಾನುವಾರ ಬಿಳಿ ಅಂಗಿ ತೊಟ್ಟ ಪೆನಿ ಹೆಂಗಸರ ಸಾಲಿನಿಂದ ಗಂಡಸರ ಸಾಲಿಗೆ, ಅಲ್ಲಿಂದ ಮತ್ತೆ ಇಲ್ಲಿಗೆ ಓಡಿ ಓಡಿ ಹಾಡಿದ. ಒಂದು ಪದ್ಯ ಮುಗಿಯುವಷ್ಟರಲ್ಲಿ ನಾಲಿಗೆ ಹೊರಬಂತು. ಕೊನೆಯ 'ಆಮೆನ್' ಹೊತ್ತಿಗೆ ನಾಲ್ಕು ಸ್ವರ ಹಾಗಿರಲಿ, ಒಂದೂ ಹೊರಡಲಿಲ್ಲ. ನಾಚಿಕೆಯಿಂದ ಅವನ ಕಣ್ಣು ತುಂಬಿತು. ಫೆತುವಿಗೆ ತಡೆಯಲಾಗಲಿಲ್ಲ; ಎದ್ದು ನಿಂತು ಸ್ವರ ಎತ್ತಿದಳು. ಅವಳ ಹಿಂದೆ ಮೇಳವೆಲ್ಲ ಎದ್ದಿತು. ಆಮೆನ್ ಚಾವಣಿ ನಡುಗಿಸಿತು! ನಡುವೆ ಪೆನಿ ಸದ್ದಿಲ್ಲದೆ ಬಾಯಿ ತೆರೆದುಕೊಂಡು ನಿಂತಿದ್ದ.

ಹೊರಗೆ ಬಂದಾಗ ಸೋಲಾ ಅವನ ಕೈ ಹಿಡಿದು ಕುಲುಕಿದ.

"ಅದ್ಭುತ ಕಣೋ ಪೆನಿ! ಯಾವಾಗ್ಲೂ ಹೀಗೇ ಹಾಡೋದಾದ್ರೆ ಮುಂದಿನ ಸಾಲು ನಿನಗೇ!"