ಅತ್ತೆಯ ಡ್ರೈವಿಂಗ್ ಟೆಸ್ಟೂ ನನ್ನ ಡೀಸೆಲ್ ಕಾರಿನ ವೈರೂ

ಒಂದು ವೈರು ಬದಲಾಯಿಸುವುದಕ್ಕೆ ಮೆಕ್ಯಾನಿಕ್ ಬೇಕೇ ಬೇಕು ಎನ್ನುವವರ ಜೊತೆ ನಾನು ಯಾವಾಗ ಬೇಕಾದರೂ ವಾದಕ್ಕೆ ಸಿದ್ಧ. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿ ಮಾತಾಡಿಯೂ ಗೆದ್ದಿದ್ದೇನೆ, ವಿರೋಧವಾಗಿ ಮಾತಾಡಿಯೂ ಗೆದ್ದಿದ್ದೇನೆ. ಒಮ್ಮೆ ಸೋತೆ, ತೀರ್ಪುಗಾರರನ್ನು ಪಾರ್ಕಿಂಗ್ ಜಾಗದವರೆಗೂ ಹಿಂಬಾಲಿಸಿ ಅವರ ತೀರ್ಪನ್ನೇ ಖಂಡಿಸಿ ಬಂದೆ. ಸಾಕ್ಷಿ ಇಲ್ಲದೆ ಏನನ್ನೂ ನಂಬುವವಳಲ್ಲ. ಇಂಥವಳಿಗೆ ಒಂದು ವೈರು ಯಾವ ಮಹಾ?

ವೈರು ಯಾವುದೆಂದು ಹೇಳಿಬಿಡುತ್ತೇನೆ. ನನ್ನದು ನನಗಿಂತ ಮೂರು ವರ್ಷ ದೊಡ್ಡದಾದ ಡೀಸೆಲ್ ಕಾರು. ಪರದೇಶದ ಈ ಬಾತೆಲ್ ಊರಿನಲ್ಲಿ ನಮ್ಮ ಬೀದಿಯವರೆಲ್ಲ ಬ್ಯಾಟರಿ ಕಾರು ಓಡಿಸುತ್ತಿರುವಾಗ, ಎಲ್ಲರೂ ಕೊಳ್ಳುತ್ತಾರೆ ಎಂಬುದು ಒಂದು ಕಾರಣವೇ ಅಲ್ಲ ಎಂದು ಗಂಡನೊಡನೆ ವಾದಿಸಿ ಕೊಂಡದ್ದು. ಡೀಸೆಲ್ ಎಂಜಿನ್ನು ಚಳಿ ಬಿದ್ದರೆ ಮುಷ್ಕರ ಹೂಡುತ್ತದೆ. ಅದಕ್ಕೆಂದೇ ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಹೀಟರಿದೆ, ಬಚ್ಚಲಮನೆಯ ಗೀಜರಿನ ತಮ್ಮನ ಹಾಗೆ. ಅದರ ವೈರು ಕಾರಿನ ಮುಂಭಾಗದಿಂದ ಹೊರಗೆ ಇಣುಕುತ್ತಿರುತ್ತದೆ. ರಾತ್ರಿಯೆಲ್ಲ ಅದಕ್ಕೆ ಮನೆಯ ಕರೆಂಟು ಕೊಟ್ಟರೆ ಬೆಳಗ್ಗೆ ಎಂಜಿನ್ನು ಬೆಚ್ಚಗಿದ್ದು ಹೇಳಿದ ಮಾತು ಕೇಳುತ್ತದೆ. ನಮ್ಮ ಗ್ಯಾರೇಜಿನಲ್ಲಿ ಅಕ್ಕಿ ಮೂಟೆ, ವೆಟ್ ಗ್ರೈಂಡರು, ಎರಡನೆಯ ಫ್ರಿಜ್ಜು ಮುಂತಾದ ಗಣ್ಯರು ವಾಸವಾಗಿರುವುದರಿಂದ ಕಾರಿಗೆ ಹೊರಗೇ ಜಾಗ. ಒಳಗಿನ ಗೋಡೆಯಿಂದ ಉದ್ದನೆಯ ಎಕ್ಸ್‌ಟೆನ್ಷನ್ ವೈರೊಂದು ಗ್ಯಾರೇಜಿನ ಬಾಗಿಲಡಿಯಿಂದ ನುಸುಳಿ ಕಾರಿನವರೆಗೆ ಬರುತ್ತದೆ.

ಈ ಜನವರಿಯಲ್ಲಿ ಹುಲ್ಲೆಲ್ಲ ಬೆಳ್ಳಗಾಗುವಂಥ ಚಳಿ ಬಿತ್ತು. ಮೂರು ದಿನ ಬೆಳಗ್ಗೆ ಕಾರು ಕೆಮ್ಮಿ ಸುಮ್ಮನಾಯಿತು. ಬಗ್ಗಿ ನೋಡಿದರೆ ಹೀಟರಿನ ವೈರು ಸವೆದು, ಮೇಲಿನ ರಬ್ಬರು ಬಿರುಕು ಬಿಟ್ಟಿತ್ತು. ಅಪರಾಧಿ ಸಿಕ್ಕಿಬಿದ್ದ!

ಬೇರೆ ವಾರವಾಗಿದ್ದರೆ ನಿಧಾನವಾಗಿ ನೋಡಬಹುದಿತ್ತು. ಆದರೆ ಮುಂದಿನ ಗುರುವಾರ ಬೆಳಗ್ಗೆ ಎಂಟೂವರೆಗೆ ನನ್ನ ಅತ್ತೆಯ ಡ್ರೈವಿಂಗ್ ಟೆಸ್ಟ್ ಇತ್ತು. ಅದೂ ಎರಡನೆಯ ಸಲ. ಮೊದಲ ಸಲ ರಿವರ್ಸ್ ತೆಗೆಯುವಾಗ ಹಿಂದಿನ ಚಕ್ರ ಫುಟ್‌ಪಾತ್ ಹತ್ತಿ ಫೇಲಾಗಿದ್ದರು. ಅರವತ್ತೊಂದನೆಯ ವಯಸ್ಸಿನಲ್ಲಿ ಅವರು ಸ್ಟೇರಿಂಗ್ ಹಿಡಿದದ್ದಕ್ಕೆ ಕಾರಣವಿದೆ. ಕಾರಿನಲ್ಲಿ ಅರ್ಧ ಗಂಟೆ ದೂರದ ಫ್ಯಾಕ್ಟೋರಿಯಾ ಬಡಾವಣೆಯಲ್ಲಿ ಅವರ ಓರಗೆಯ ಹೆಂಗಸರು ವಾರಕ್ಕೆರಡು ಸಲ ಸೇರಿ ಹಾಡುತ್ತಾರೆ. ಅಲ್ಲಿಗೆ ಹೋಗಬೇಕೆಂದರೆ ಅತ್ತೆ ಸೀರೆಯುಟ್ಟು, ಶೂ ಹಾಕಿಕೊಂಡು, ನನ್ನ ಮೀಟಿಂಗ್ ಮುಗಿಯುವುದನ್ನೇ ಕಾಯುತ್ತ ಸೋಫಾದ ತುದಿಯಲ್ಲಿ ಕೂರಬೇಕು. ಎಷ್ಟೋ ಸಲ ಶೂ ಬಿಚ್ಚಿಟ್ಟು ಒಳಗೆ ಹೋಗಿದ್ದಾರೆ. ಅವರು ಕಲಿತದ್ದೆಲ್ಲ ನನ್ನ ಡೀಸೆಲ್ ಕಾರಿನಲ್ಲೇ. ಮಗನ ಬ್ಯಾಟರಿ ಕಾರು ಅವರಿಗಾಗದು. ಆಕ್ಸಿಲರೇಟರಿನಿಂದ ಕಾಲೆತ್ತಿದರೆ ತಾನಾಗಿ ನಿಲ್ಲುವ ಗಾಡಿಗೆ ಅಹಂಕಾರ ಜಾಸ್ತಿ ಎನ್ನುವುದು ಅವರ ಅಭಿಪ್ರಾಯ.

ನನ್ನ ಗಂಡ ಪ್ರಮೋದ ಪಕ್ಕದೂರು ಕರ್ಕ್‌ಲ್ಯಾಂಡಿನಲ್ಲಿ ಕೆಲಸ ಮಾಡುವ, ಜಗಳ ಬೇಡವೆಂದು ಬದುಕುವ ಮನುಷ್ಯ. ಬಿರುಕು ಬಿಟ್ಟ ವೈರನ್ನು ನೋಡಿ ಅವನು ಹೇಳಿದ್ದು ಒಂದೇ ಮಾತು.

"ಮೊದ್ಲು ರಾತ್ರಿ ಪೂರ್ತಿ ಕರೆಂಟ್ ಬರ್ತಿದ್ಯಾ ಅಂತ ನೋಡ್ಬಾರ್ದಾ, ಶ್ರುತಿ?"

ಗೋಡೆಯ ಪ್ಲಗ್ಗು ಸರಿಯಿಲ್ಲ ಎನ್ನುವುದಾದರೆ ಸಾಕ್ಷಿ ಒದಗಿಸುವ ಹೊಣೆ ಅವನದು, ವೈರು ಸವೆದಿದೆ ಎಂಬುದಕ್ಕೆ ನನ್ನ ಸಾಕ್ಷಿ ಕಣ್ಣೆದುರಿಗಿದೆ, ಆದ್ದರಿಂದ ಅವನ ಪ್ರಶ್ನೆ ವಿಷಯಾಂತರ ಎಂದು ಮೂರು ಅಂಶಗಳಲ್ಲಿ ವಿವರಿಸಿದೆ. ಅವನು ಪಾತ್ರೆ ತೊಳೆಯಲು ಎದ್ದುಹೋದ. ಗೆದ್ದೆ.

ಇಂಟರ್ನೆಟ್ಟಿನಲ್ಲಿ ವೈರು ತರಿಸಿದೆ. ಬಂದದ್ದರ ತುದಿ ಎರಡು ಬೆರಳು ದಪ್ಪ. ನನ್ನ ಕಾರಿನ ಹೀಟರಿಗೆ ಅದು ಒಂದು ಕೊಡೆಯಷ್ಟೇ ಉಪಯುಕ್ತ. ಮಾರಿದವನಿಗೆ ನಾಲ್ಕು ಪ್ಯಾರಾಗಳ ಪ್ರತಿಭಟನಾ ಪತ್ರ ಬರೆದೆ. ಅವನಿಂದ ಒಂದು ಸಾಲಿನ ಉತ್ತರ ಬಂತು: ತಾವು ಆರ್ಡರ್ ಮಾಡಿರುವುದು ಟ್ರ್ಯಾಕ್ಟರಿನ ವೈರು. ತೆರೆದು ನೋಡಿದೆ. ಹೌದು, ಟ್ರ್ಯಾಕ್ಟರು! ಬೆಚ್ಚಿಬಿದ್ದೆ. ಪುಟದಲ್ಲಿ ಟ್ರ್ಯಾಕ್ಟರಿನ ಚಿತ್ರವೂ ಇತ್ತು.

ಸರಿಯಾದ ವೈರು ಶನಿವಾರ ಬಂತು. ಭಾನುವಾರ ನನ್ನ ಯೋಗದ ಚಾಪೆ ಹಾಸಿ ಕಾರಿನಡಿ ಮಲಗಿದೆ. ಹಳೆಯ ವೈರನ್ನು ಹಿಡಿದಿದ್ದ ತಿರುಪು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಬಲಕ್ಕೆ ತಿರುಗಿಸಬೇಕೋ ಎಡಕ್ಕೋ? ಕೆಳಗಿನಿಂದ ನೋಡುತ್ತಿರುವುದರಿಂದ ಎಲ್ಲವೂ ಉಲ್ಟಾ ಎಂದು ತರ್ಕಿಸಿ ಬಲಕ್ಕೆ ತಿರುಗಿಸಿದೆ. ತಿರುಪು ಮತ್ತಷ್ಟು ಬಿಗಿಯಾಯಿತು. ಪಕ್ಕದಲ್ಲಿ ಇನ್ನೊಂದು ದೊಡ್ಡ ತಿರುಪಿತ್ತು. ಎರಡೂ ಒಂದಕ್ಕೊಂದು ಸಂಬಂಧಪಟ್ಟಿರಲೇಬೇಕು ಎಂದು ಅದನ್ನು ಎಡಕ್ಕೆ ತಿರುಗಿಸಿದೆ. ಸಲೀಸಾಗಿ ಬಂತು. ತರ್ಕಕ್ಕೆ ಜಯ ಎಂದುಕೊಳ್ಳುವಷ್ಟರಲ್ಲಿ ಹಸಿರು ಬಣ್ಣದ ತಣ್ಣನೆಯ ನೀರು ದಬದಬನೆ ಎದೆಯ ಮೇಲೆ ಸುರಿಯಿತು! ನಾನು ಬಿಚ್ಚಿದ್ದು ಹೀಟರನ್ನೇ. ಸುರಿದದ್ದು ಎಂಜಿನ್ನನ್ನು ತಣ್ಣಗಿಡುವ ದ್ರವ, ಕೂಲೆಂಟು.

ನನ್ನ ಕೂಗಿಗೆ ಪ್ರಮೋದ ಬಕೆಟ್ಟು ಹಿಡಿದು ಓಡಿಬಂದ. ಅತ್ತೆ ಬಂದು ನೋಡಿ, ಕಾರಿಗೆ ಏನಾಯಿತೆಂದು ಮೊದಲು ಕೇಳಿ, ಆಮೇಲೆ ನನಗೆ ಏನಾಯಿತೆಂದು ಕೇಳಿದರು. ಗುರುವಾರದ ಹೊತ್ತಿಗೆ ಸರಿಹೋಗುತ್ತದೆಂದು ಅವರಿಗೆ ಮಾತು ಕೊಟ್ಟೆ. ಹೀಟರು ಮತ್ತೆ ಕೂರಿಸಿ, ಕೂಲೆಂಟು ತಂದು ತುಂಬಿ, ಹೊಸ ವೈರು ಸಿಕ್ಕಿಸುವಷ್ಟರಲ್ಲಿ ಭಾನುವಾರ ಮುಗಿದಿತ್ತು.

ಸೋಮವಾರ ಬೆಳಗ್ಗೆ ಎಂಜಿನ್ ಮುಟ್ಟಿದರೆ ಐಸು. ಮಂಗಳವಾರವೂ ಐಸು. ನಾನು ದಂಗಾದೆ. ಹೊಸ ವೈರು ಹಾಕಿದ ಮೇಲೂ ಬಿಸಿಯಾಗದಿದ್ದರೆ ಹೀಟರೇ ಸತ್ತಿದೆ ಎಂದರ್ಥ. ಹೀಟರು ಸುಸ್ಥಿತಿಯಲ್ಲಿದೆ, ದೋಷವೆಲ್ಲ ವೈರಿನದು ಎಂದು ಕಳೆದ ವಾರವಷ್ಟೇ ಸಿದ್ಧ ಮಾಡಿದ್ದವಳು, ದೋಷವೆಲ್ಲ ಹೀಟರಿನದು ಎಂದು ಅಷ್ಟೇ ಗಟ್ಟಿಯಾಗಿ ಸಿದ್ಧ ಮಾಡಿದೆ. ಪ್ರಮೋದ ಎರಡಕ್ಕೂ ತಲೆಯಾಡಿಸಿದ.

ಬುಧವಾರ ಸಂಜೆ ಎದುರುಮನೆಯ ರಾವ್ ಅಂಕಲ್ ಬಂದರು. ನಾನು ಹುಟ್ಟುವ ಮುಂಚೆಯೇ ಓದಲು ಇಲ್ಲಿಗೆ ಬಂದು, ವಿಮಾನ ಕಟ್ಟುವ ಕೆಲಸದಲ್ಲಿದ್ದು ನಿವೃತ್ತರಾದವರು. ನನ್ನ ವಾದವನ್ನು ಪೂರ್ತಿ ಕೇಳಿಸಿಕೊಂಡು, ಜೇಬಿನಿಂದ ಕರೆಂಟು ಅಳೆಯುವ ಮೀಟರು ತೆಗೆದು ವೈರು, ಹೀಟರು, ಪ್ಲಗ್ಗು ಮೂರಕ್ಕೂ ಮುಟ್ಟಿಸಿ ನೋಡಿದರು.

"ಎಲ್ಲಾ ಸರಿಯಾಗೇ ಇದೆಯಲ್ಲಮ್ಮಾ."

"ಹಾಗಾದ್ರೆ ಬೆಳಗ್ಗೆ ಯಾಕೆ ತಣ್ಣಗಿರತ್ತೆ, ಅಂಕಲ್?"

"ಅದನ್ನ ನನ್ನ ಕೇಳಿದ್ರೆ? ನಿಮ್ಮನೇಲಿ ಇರೋರನ್ನ ಕೇಳು."

ನಾನು ಅದನ್ನು ತಮಾಷೆ ಎಂದುಕೊಂಡೆ. ಗಂಟೆಯೊಂದು ಕಳೆಯುವಷ್ಟರಲ್ಲಿ ಎಂಜಿನ್ ಬೆಚ್ಚಗಾಗುತ್ತಿತ್ತು. ಅತ್ತೆಯ ಕೈಯನ್ನೇ ಅದರ ಮೇಲಿಟ್ಟು ತೋರಿಸಿದೆ. ಅವರು ಖುಷಿಯಾಗಿ ಮರುದಿನಕ್ಕೆ ಉಡುವ ಸೀರೆಯನ್ನು ಇಸ್ತ್ರಿ ಮಾಡಲು ಹೋದರು.

ಗುರುವಾರ ಆತಂಕಕ್ಕೆ ಬೇಗ ಎಚ್ಚರವಾಗಿ ಆರೂವರೆಗೇ ಗ್ಯಾರೇಜಿಗೆ ಇಳಿದೆ. ಗೋಡೆಯ ಪ್ಲಗ್ಗು ಖಾಲಿ! ಎಕ್ಸ್‌ಟೆನ್ಷನ್ ವೈರಿನ ತುದಿಯನ್ನು ಯಾರೋ ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ಅಡುಗೆಮನೆಗೆ ನುಗ್ಗಿ ಪ್ರಮೋದನ ಪಾಟೀಸವಾಲು ಶುರುಮಾಡಿದೆ. ರಾತ್ರಿ ಎಲ್ಲಿದ್ದೆ, ಗ್ಯಾರೇಜಿಗೆ ಏಕೆ ಹೋಗಿದ್ದೆ, ಡೀಸೆಲ್ ಕಾರಿನ ಮೇಲೆ ನಿನಗೆ ಮೊದಲಿನಿಂದಲೂ ಹಗೆಯಿಲ್ಲವೇ? ಅವನು ಕಾಫಿ ಲೋಟ ಹಿಡಿದು ನಿಂತಿದ್ದ.

ಒಲೆಯ ಮುಂದೆ ನಿಂತಿದ್ದ ಅತ್ತೆ ತಿರುಗಿಯೂ ನೋಡದೆ ಹೇಳಿದರು. "ಅವನನ್ನ ಯಾಕೆ ಬೈತೀಯ? ನಾನೇ ತೆಗೆದಿದ್ದು."

"ಅತ್ತೆ! ಯಾಕೆ?"

"ಮಲಗೋ ಮುಂಚೆ ದಿನಾ ತೆಗಿತೀನಲ್ಲ. ಟಿವಿ, ಮಿಕ್ಸಿ, ಮೈಕ್ರೋವೇವು, ಕಾರು. ಬೆಳಗ್ಗೆ ಏಳು ಗಂಟೆಗೆ ಗ್ಯಾರೇಜಿನ ಫ್ರಿಜ್ಜಿಂದ ಹಾಲು ತರಕ್ಕೆ ಹೋದಾಗ ಮತ್ತೆ ಸಿಕ್ಕಿಸ್ತೀನಿ. ಪ್ಲಗ್‌ನಲ್ಲೇ ಬಿಟ್ರೆ ರಾತ್ರಿಯೆಲ್ಲಾ ಸುಮ್ನೆ ಕರೆಂಟ್ ಎಳ್ಕೊಳತ್ತೆ ಅಂತ ನೀನೇ ಅಲ್ವೇನೇ ಹೇಳಿದ್ದು?"

ಹೇಳಿದ್ದೆ. ದಸರಾ ಹೊತ್ತಿಗೆ, ಊಟದ ಮೇಜಿನಲ್ಲಿ, ಮುಕ್ಕಾಲು ಗಂಟೆ. ಊರಲ್ಲಾದರೆ ಗೋಡೆಯಲ್ಲೇ ಸ್ವಿಚ್ಚಿರುತ್ತದೆ, ಇಲ್ಲಿ ಅದೂ ಇಲ್ಲ, ದಿನಾ ಯಾರು ಕಿತ್ತು ಸಿಕ್ಕಿಸುತ್ತಾರೆ ಎಂದು ಅತ್ತೆ ಎತ್ತಿದ ಆಕ್ಷೇಪಗಳನ್ನೆಲ್ಲ ಒಂದೊಂದಾಗಿ ಖಂಡಿಸಿ, ಅವರು ಸಂಪೂರ್ಣ ಒಪ್ಪುವವರೆಗೂ ಬಿಟ್ಟಿರಲಿಲ್ಲ. ನನ್ನ ಬದುಕಿನಲ್ಲಿ ಯಾರಾದರೂ ನನ್ನ ವಾದವನ್ನು ಮನಸಾರೆ ಒಪ್ಪಿ ಆಚರಣೆಗೆ ತಂದದ್ದು ಅದೊಂದೇ ಸಲ!

"ಹಳೇ ವೈರಿದ್ದಾಗಲೂ ತೆಗೀತಿದ್ರಾ?" ಎಂದು ಕೇಳಿದೆ.

"ಅದೇನು ಹಳೇದು, ಹೊಸದು? ಎಲ್ಲಾ ಕರೆಂಟೇ ತಾನೆ?"

ಪ್ರಮೋದ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ. ಅವನ ಭುಜ ಕುಣಿಯುತ್ತಿತ್ತು.

ಓಡಿಹೋಗಿ ವೈರು ಸಿಕ್ಕಿಸಿದೆ. ಮುಕ್ಕಾಲು ಗಂಟೆ ಸಾಕು ಎಂದು ವಾದಿಸಿದೆ. ಸಾಲಲಿಲ್ಲ. ಕೀ ತಿರುಗಿಸಿದೆ, ಕೆಮ್ಮಿತು. ಮತ್ತೆ ತಿರುಗಿಸಿದೆ, ನರಳಿತು. ಹತ್ತು ಹನ್ನೆರಡು ಸಲ ತಿರುಗಿಸಿದೆ. ಗಂಟೆ ಏಳೂಮುಕ್ಕಾಲಾಯಿತು. ಅತ್ತೆ ಇಸ್ತ್ರಿ ಸೀರೆ, ಸ್ವೆಟರು, ಶೂ ಹಾಕಿಕೊಂಡು ವ್ಯಾನಿಟಿ ಬ್ಯಾಗು ಹಿಡಿದು ಹಿಮದಲ್ಲಿ ನಿಂತಿದ್ದರು. ಏನೂ ಅನ್ನಲಿಲ್ಲ. ಅಂದಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಕೊನೆಗೆ ಮಗನ ಕಡೆ ತಿರುಗಿದರು.

"ನಿನ್ನ ಗಾಡಿ ತೆಗಿಯೋ. ದಾರೀಲಿ ಹೇಳ್ಕೊಡು."

ಅಪರಿಚಿತ ಕಾರಿನಲ್ಲಿ ಟೆಸ್ಟ್ ಕೊಡುವುದು ಎಷ್ಟು ಅವಿವೇಕ ಎಂದು ಹೇಳುತ್ತ ನಾನೂ ಹಿಂದಿನ ಸೀಟಿಗೆ ಹತ್ತಲು ಹೋದೆ. ಅತ್ತೆ ಬಾಗಿಲು ಹಿಡಿದುಕೊಂಡರು.

"ನೀನು ಬರ್ಬೇಡ ಕಣಮ್ಮಾ. ಟೆಸ್ಟ್ ಮಾಡೋನ ಹತ್ರಾನೂ ವಾದ ಮಾಡ್ತೀಯ."

ಹೋದರು. ನಾನು ಡೀಸೆಲ್ ಕಾರಿನ ಪಕ್ಕ ಉಳಿದೆ. ಒಂಬತ್ತೂವರೆ ಹೊತ್ತಿಗೆ ಎಂಜಿನ್ನು ದೋಸೆ ಕಾವಲಿಯ ಹಾಗೆ ಬೆಚ್ಚಗಾಯಿತು. ಹೀಟರೂ ಸರಿ, ವೈರೂ ಸರಿ! ಜಗತ್ತಿಗೆ ಸಾಬೀತುಪಡಿಸಲು ಹೆಮ್ಮೆಯಿಂದ ಕೀ ತಿರುಗಿಸಿದೆ. ಟಿಕ್ ಎಂದಿತು. ಬೆಳಗಿನ ನನ್ನ ಪ್ರಯತ್ನಗಳಲ್ಲಿ ಬ್ಯಾಟರಿ ಪೂರ್ತಿ ಬರಿದಾಗಿತ್ತು.

ಅತ್ತೆ ಪಾಸಾಗಿ ಬಂದರು. ಕಾಲೆತ್ತಿದರೆ ತಾನೇ ನಿಲ್ಲುವ ಗಾಡಿಯಲ್ಲಿ ರಿವರ್ಸ್ ತೆಗೆಯುವುದು ಬಲು ಸುಲಭವಂತೆ. ಇಷ್ಟು ದಿನ ತಪ್ಪು ಕಾರಿನಲ್ಲಿ ಕಲಿತೆ ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿದರು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಮುಂದಿನ ಮಂಗಳವಾರ ಪ್ರಮೋದ ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಹೊಸ ಬ್ಯಾಟರಿ ಇನ್ನೂ ಬಂದಿರದ ಕಾರಣ ಅತ್ತೆಯೇ ಅವನ ಕಾರಿನಲ್ಲಿ ನನ್ನನ್ನು ಕ್ಯಾನ್ಯನ್ ಪಾರ್ಕ್ ಬಡಾವಣೆಯಲ್ಲಿರುವ ನನ್ನ ಆಫೀಸಿಗೆ ಬಿಟ್ಟರು. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನನಗಿಂತ ಚೆನ್ನಾಗಿ ಓಡಿಸಿದರು. ಇಳಿಯುವಾಗ, ಸಂಜೆ ಐದೂವರೆಗೆ ಬರುತ್ತೀರಾ ಎಂದು ಆದಷ್ಟು ವಿನಯದಿಂದ ಕೇಳಿದೆ.

"ಐದೂವರೆಗಾ? ಇವತ್ತು ಫ್ಯಾಕ್ಟೋರಿಯಾಕ್ಕೆ ಹೋಗ್ಬೇಕಲ್ಲ ನಾನು," ಎಂದರು ಅತ್ತೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಬಸ್ಸಲ್ಲಿ ಬಾ."

ಪರವಾಗಿ ಯೋಚಿಸಿದೆ. ವಿರೋಧವಾಗಿ ಯೋಚಿಸಿದೆ. ಬಸ್ಸಿನಲ್ಲಿ ಬಂದೆ.