ಭಾವನ ಖಂಜಿರಕ್ಕೆ ದಿನಕ್ಕೆ ಆರು ಸ್ನಾನ

ಅಹಮದಾಬಾದಿನ ಬೇಸಿಗೆಯಲ್ಲಿ ಮನುಷ್ಯರು ದಿನಕ್ಕೆ ಎರಡು ಸಲ ಸ್ನಾನ ಮಾಡುವುದು ವಿಶೇಷವೇನಲ್ಲ. ಆದರೆ ತಾನು ಒಂದೇ ಸಲ ಮಿಂದು, ಒಂದು ತುಂಡು ಆಡಿನ ಚರ್ಮವನ್ನು ಆರು ಸಲ ಮೀಯಿಸುವ ಮನುಷ್ಯ ಇಡೀ ಗುಜರಾತಿನಲ್ಲಿ ಒಬ್ಬರೇ ಇರಬೇಕು. ಅವರು ನನ್ನ ಭಾವ, ಎಂದರೆ ಅಕ್ಕನ ಗಂಡ. ಈ ಸ್ನಾನವೇ ಮೊನ್ನೆ ಮೇ ತಿಂಗಳ ಒಂದು ಭಾನುವಾರ ಅವರ ಪ್ರಾಣಕ್ಕೆ ಬಂದಿತ್ತು. ನಾನು ಎರಡು ಮಾರು ದೂರದಲ್ಲಿ ಕೂತು ಅದನ್ನು ನೋಡಿದವಳು. ಈಗಲೂ ದಿನಕ್ಕೊಮ್ಮೆಯಾದರೂ ಅದು ನನ್ನ ಕಣ್ಣ ಮುಂದೆ ಮೊದಲಿನಿಂದ ಕೊನೆಯವರೆಗೆ ಓಡುತ್ತದೆ. ಆದರೆ ಭಾವನ ಕತೆಯನ್ನು ಅಲ್ಲಿಂದ ಶುರುಮಾಡಿದರೆ ಅವರಿಗೆ ಅನ್ಯಾಯವಾದೀತು. ನಗಿಸುವುದರಲ್ಲಿ ಅವರಿಗಿರುವ ಯೋಗ್ಯತೆ ಸಾಮಾನ್ಯದ್ದಲ್ಲ!

ಭಾವ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ತುಮಕೂರಿನಿಂದ ಬಂದು ಇಲ್ಲಿನ ಸ್ಯಾಟಲೈಟ್ ಎಂಬ ಬಡಾವಣೆಯ ಹಳೆಯ ಹೌಸಿಂಗ್ ಸೊಸೈಟಿಯೊಂದರಲ್ಲಿ ನೆಲೆಸಿ ಕಾಲು ಶತಮಾನವಾಯಿತು. ಅಳೆಯದೆ ಅವರು ಯಾವುದನ್ನೂ ನಂಬುವವರಲ್ಲ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯಲು ಎಷ್ಟು ಸೆಕೆಂಡು ಬೇಕೆಂದು ಒಮ್ಮೆ ಒಲೆಯ ಪಕ್ಕ ಗಡಿಯಾರ ಹಿಡಿದು ನಿಂತು, ಸಾರು ಸೀದುಹೋಗುವವರೆಗೂ ಲೆಕ್ಕ ಬರೆದವರು ಅವರು. ಇಂಥವರಿಗೆ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಸಂಗೀತ ಕಲಿಯುವ ಮನಸ್ಸಾಯಿತು. ಕುಕ್ಕರಿಗಿಂತ ದೊಡ್ಡ ವಾದ್ಯ ಮನೆಯೊಳಗೆ ಬರಕೂಡದು ಎಂದು ಅಕ್ಕ ಷರತ್ತು ಹಾಕಿದಳು. ಭಾವ ಟೇಪು ತೆಗೆದುಕೊಂಡು ಮೊದಲು ಕುಕ್ಕರನ್ನು ಅಳೆದರು, ಆಮೇಲೆ ಅಂತರಜಾಲದಲ್ಲಿ ಸಿಕ್ಕ ವಾದ್ಯಗಳನ್ನೆಲ್ಲ ಅಳೆದರು. ವೀಣೆ ಬಿತ್ತು, ಮೃದಂಗ ಬಿತ್ತು, ಘಟ ಕೂದಲೆಳೆಯಲ್ಲಿ ಬಿತ್ತು. ಗೆದ್ದದ್ದು ಖಂಜಿರ. ಊಟದ ತಟ್ಟೆಗಿಂತ ಚಿಕ್ಕದಾದ ಮರದ ಬಳೆ, ಅದರ ಒಂದು ಬದಿಗೆ ಬಿಗಿದ ಚರ್ಮ. ಎಡಗೈಯಲ್ಲಿ ಹಿಡಿದು ಬಲಗೈಯಿಂದ ಬಾರಿಸುವುದು. ಸಂಗೀತದ ಇತಿಹಾಸದಲ್ಲಿ ಕುಕ್ಕರು ಇಷ್ಟು ದೊಡ್ಡ ಪಾತ್ರ ವಹಿಸಿದ್ದು ಬೇರೆಲ್ಲಾದರೂ ಉಂಟೇ?

ಗುರುಗಳು ಇರುವುದು ಮೈಸೂರಿನಲ್ಲಿ. ಪಾಠ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಆನ್‌ಲೈನಿನಲ್ಲಿ, ಹನ್ನೆರಡು ಜನಕ್ಕೆ ಒಟ್ಟಿಗೆ. ಒಟ್ಟಿಗೆ ಎಂಬುದು ಹೆಸರಿಗೆ ಮಾತ್ರ. ಹನ್ನೆರಡು ಜನರೂ ಒಟ್ಟಿಗೆ ಬಾರಿಸಿದರೆ ತಗಡಿನ ಮಾಡಿನ ಮೇಲೆ ತೆಂಗಿನಕಾಯಿ ಉರುಳಿದಂತೆ ಕೇಳುತ್ತದೆ. ಅದಕ್ಕೇ ಗುರುಗಳು ಎಲ್ಲರ ಬಾಯನ್ನೂ ತಮ್ಮ ಕಡೆಯಿಂದಲೇ ಮ್ಯೂಟ್ ಮಾಡಿ ಬೀಗ ಹಾಕಿದ್ದರು. ಒಬ್ಬೊಬ್ಬರಿಗೆ ಮೂರು ನಿಮಿಷ ಬೀಗ ತೆಗೆಯುತ್ತಿದ್ದರು. ಆ ಮೂರು ನಿಮಿಷ ಗುರುಗಳು ಕಣ್ಣು ಮುಚ್ಚಿ ಕೇಳುತ್ತಾರೆ. ಪರದೆಯ ಮೇಲೆ ಕೈ ಒಂದು ಕಡೆ, ಸದ್ದು ಒಂದು ಕಡೆ ಹೋಗುವುದರಿಂದ ನೋಡಿದರೆ ತಲೆ ಕೆಡುತ್ತದಂತೆ. ಸಹಪಾಠಿಗಳಲ್ಲಿ ಭಾವನಿಗೆ ಮೆಚ್ಚಿನವರು ಸೂರತ್ತಿನಲ್ಲಿ ಉಡುಪಿ ಹೋಟೆಲು ನಡೆಸುವ ಕುಂದಾಪುರದ ಕಡೆಯವರೊಬ್ಬರು. ಅವರು ಹೋಟೆಲಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಕೂತು ಫೋನಿನಲ್ಲಿ ಪಾಠ ಕೇಳುತ್ತಿದ್ದರು. ಭಾವ ಅವರ ಜೊತೆ ಒಂದು ಮಾತೂ ಆಡಿದವರಲ್ಲ. ಇಬ್ಬರ ಬಾಯಿಗೂ ಬೀಗವಿದ್ದಾಗ ಮಾತೆಲ್ಲಿ? ಆದರೂ ಸ್ನೇಹವಾಗಿತ್ತಂತೆ.

ಎರಡನೆಯ ವಾರಕ್ಕೇ ಭಾವನ ಒಳಗಿನ ಎಂಜಿನಿಯರ್ ಎಚ್ಚೆತ್ತರು. ಮೈಸೂರಿನ ತಾಳ ಅಹಮದಾಬಾದಿಗೆ ಬರಲು ಒಂದಷ್ಟು ಹೊತ್ತು, ಇಲ್ಲಿನ ಪೆಟ್ಟು ವಾಪಸು ಹೋಗಲು ಇನ್ನೊಂದಷ್ಟು ಹೊತ್ತು. ಉಳಿದ ಹನ್ನೊಂದು ಜನ ಇದನ್ನು ಹಣೆಬರಹವೆಂದು ಒಪ್ಪಿಕೊಂಡಿದ್ದರು. ಭಾವ ಒಪ್ಪುವರೇ? ಆ ತಡವನ್ನು ಅಳೆದು, ಅಷ್ಟು ಹೊತ್ತು ಮೊದಲೇ ಬಾರಿಸಲು ಶುರುಮಾಡಿದರು. ಪೆಟ್ಟು ಗುರುಗಳ ಕಿವಿಗೆ ಸರಿಯಾದ ಸಮಯಕ್ಕೆ ತಲುಪಬೇಕಲ್ಲ! ಒಂದು ತಿಂಗಳು ಗುರುಗಳು ಬೆರಗಾಗಿ ಹೊಗಳಿದರು. ಆದರೆ ನೆಟ್‌ವರ್ಕು ನಿಂತಲ್ಲಿ ನಿಲ್ಲುವ ಪ್ರಾಣಿಯೇ? ಒಂದು ಭಾನುವಾರ ಅದು ಜಿಂಕೆಯಂತೆ ಓಡಿತು.

"ಏನ್ ಸ್ವಾಮಿ, ನಾನು ಕೈ ಎತ್ತೋಕೆ ಮುಂಚೆನೇ ನಿಮ್ಮ ಪೆಟ್ಟು ಬಂತಲ್ಲ?" ಎಂದರು ಗುರುಗಳು.

"ಇವತ್ತು ನೆಟ್ ಚೆನ್ನಾಗಿದೆ ಸಾರ್," ಎಂದರು ಭಾವ ಬೇಸರದಿಂದ. "ಅದೇ ಕಷ್ಟ ಆಗಿರೋದು."

ಇದರ ಫಲ ಉಂಡವಳು ನಾನು. ನಾನಿರುವುದು ವಡೋದರಾದಲ್ಲಿ. ನಮ್ಮ ಮನೆಯ ಭಜನೆಗೆ ಕನ್ನಡದ ಏಳೆಂಟು ಸಂಸಾರಗಳು ಬರುತ್ತವೆ. ಪಕ್ಕವಾದ್ಯಕ್ಕೆ ನಮ್ಮ ಭಾವನೇ ಬರುತ್ತಾರೆ ಎಂದು ನಾನು ಮೊದಲೇ ಜಂಬ ಕೊಚ್ಚಿಕೊಂಡಿದ್ದೆ. ಭಾವ ಬಂದರು, ಕೂತರು, ಅಭ್ಯಾಸಬಲದಿಂದ ಮೊದಲೇ ಬಾರಿಸತೊಡಗಿದರು. ಹಾಡುವವರು ಅವರನ್ನು ಹಿಡಿಯಲು ಓಡಿದರು. ಭಾವ ತಮ್ಮ ಅಂತರ ಕಾಪಾಡಿಕೊಳ್ಳಲು ಇನ್ನೂ ಓಡಿದರು. ನಾವೆಲ್ಲ ಎರಡನೆಯ ಚರಣದಲ್ಲಿ ಏದುಸಿರು ಬಿಡುತ್ತಿದ್ದಾಗ ಅವರು ಮಂಗಳಾರತಿ ಮುಗಿಸಿ ಪ್ರಸಾದದ ಹತ್ತಿರ ತಲುಪಿದ್ದರು. ಆಮೇಲೆ ಅಡುಗೆಮನೆಯಲ್ಲಿ ನಾನು ಹಲ್ಲು ಕಚ್ಚಿ ಕೇಳಿದಾಗ, ಎದುರೆದುರು ಕೂತರೆ ತಡವೇ ಇರುವುದಿಲ್ಲವಲ್ಲ, ಅಂಥ ಕಡೆ ಬಾರಿಸಿ ರೂಢಿಯಿಲ್ಲ ಎಂದು ಶಾಂತವಾಗಿ ಹೇಳಿ ಇನ್ನೊಂದು ದೊನ್ನೆ ಕೋಸಂಬರಿ ತಿಂದರು.

ಇನ್ನು ಸ್ನಾನದ ವಿಷಯ. ಖಂಜಿರದ ಚರ್ಮ ಒಣಗಿ ಬಿಗಿದರೆ ಡಬ್ಬ ಬಡಿದಂತೆ ಟಣಟಣ ಎನ್ನುತ್ತದೆ. ಒಳಬದಿಗೆ ಸ್ವಲ್ಪ ನೀರು ಸವರಿದರೆ ಸಡಿಲಗೊಂಡು ಗುಮ್ ಎಂದು ತುಂಬು ದನಿ ಬರುತ್ತದೆ. ಎರಡು ಹನಿ ಸಾಕು ಎಂದಿದ್ದರು ಗುರುಗಳು. ಅವರಿಗೇನು, ಮೈಸೂರಿನ ಗಾಳಿಯಲ್ಲಿ ಕೂತವರು! ಇಲ್ಲಿ ಮೇ ತಿಂಗಳಲ್ಲಿ ತಂತಿಯ ಮೇಲೆ ಹರವಿದ ಎರಡನೆಯ ಬಟ್ಟೆಗೆ ಕ್ಲಿಪ್ಪು ಹಾಕುವಷ್ಟರಲ್ಲಿ ಮೊದಲನೆಯದು ಹಪ್ಪಳವಾಗಿರುತ್ತದೆ. ಎರಡು ಹನಿ ಎರಡು ಚಮಚವಾಯಿತು, ಚಮಚ ಲೋಟವಾಯಿತು, ಲೋಟ ಹೋಗಿ ದಿನಕ್ಕೆ ಆರು ಸ್ನಾನವಾಯಿತು. ಆದರೂ ಸಾಲದೆಂದು ಭಾವ ಖಂಜಿರಕ್ಕೆ ಒದ್ದೆ ಟವೆಲು ಸುತ್ತಿ ಫ್ರಿಜ್ಜಿನಲ್ಲಿ ಮಲಗಿಸತೊಡಗಿದರು.

ಅದೊಂದು ಶುದ್ಧ ಸಸ್ಯಾಹಾರಿ ಸೊಸೈಟಿ. ಬೆಳ್ಳುಳ್ಳಿ ಹುರಿದರೂ ಮೂರನೆಯ ಮಹಡಿಯವರೆಗೆ ಮೂಗು ಅರಳುವ ಜಾಗ. ಒಂದು ಬೆಳಿಗ್ಗೆ ಎಲ್ಲರೂ ಮಾಸಿ, ಎಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರು ಮನೆಯ ಗುಜರಾತಿ ಹೆಂಗಸು ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದರು. ಸಲಿಗೆಯಿಂದ ತಾವೇ ಫ್ರಿಜ್ಜು ತೆರೆದರು. ಟವೆಲಿನೊಳಗಿನಿಂದ ಇಣುಕುತ್ತಿದ್ದ ಚರ್ಮ ಯಾರದೆಂದು ಕೇಳಿದರು. ಸುಳ್ಳು ಹೇಳಲು ಬಾರದ ಭಾವ, ಅದು ಆಡಿನದು, ವಯಸ್ಸು ಇಷ್ಟಿರಬಹುದು, ದಪ್ಪ ಇಷ್ಟಿದೆ ಎಂದು ವಿವರವಾಗಿ ತಿಳಿಸಿದರು. ಅಕ್ಕ ನೆಲದೊಳಗೆ ಇಳಿದುಹೋಗಲು ಜಾಗ ಹುಡುಕುತ್ತಿದ್ದಳು. ಮಾಸಿ ಫ್ರಿಜ್ಜಿನ ಬಾಗಿಲು ಮುಚ್ಚಿ ಹೇಳಿದರು: "ಹಮಾರೇ ಗರಬೇ ಕೇ ಢೋಲ್ ಪರ್ ಭೀ ಚಮಡಾ ಹೋತಾ ಹೈ, ಭಾಯ್. ಪರ್ ಹಮ್ ಢೋಲ್ ಕೋ ದಹಿ ಕೇ ಪಾಸ್ ನಹೀಂ ಸುಲಾತೇ."

ಗರಬಾ ಕುಣಿತದ ಡೋಲಿಗೂ ಚರ್ಮವಿದೆ, ಆದರೆ ಮೊಸರಿನ ಪಕ್ಕ ಡೋಲು ಮಲಗಿಸುವುದಿಲ್ಲ ಎಂಬ ಮಾತಿಗೆ ಎದುರಾಡಲು ಯಾರಿಂದ ಸಾಧ್ಯ? ಖಂಜಿರ ಫ್ರಿಜ್ಜಿನಿಂದ ಗಡೀಪಾರಾಯಿತು. ಭಾವನ ಕಣ್ಣು ಹಾಲಿನ ಕಿಟಕಿಯ ಬಳಿಯಿದ್ದ ಏರ್ ಕೂಲರಿನ ಮೇಲೆ ಬಿತ್ತು. ಹಳೆಯ ಕಾಲದ ತಗಡಿನ ಪೆಟ್ಟಿಗೆ. ತಳದಲ್ಲಿ ನೀರು, ಒಳಗೆ ಫ್ಯಾನು. ಭಾವ ಅದರ ಒಂದು ಬದಿಯ ತಗಡನ್ನೇ ಬಿಚ್ಚಿ ತೆಗೆದರು. ಖಂಜಿರ ತೂಗುಹಾಕಲು ಒಂದು ಕೊಕ್ಕೆ, ಕೈ ಅದ್ದಲು ಕೆಳಗೇ ನೀರು. ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಕೂಲರಿನ ಮೂರು ಕಡ್ಡಿಯ ಪ್ಲಗ್ಗನ್ನು ಹೇಗೋ ಎರಡು ತೂತಿನ ಹಳೆಯ ಬೋರ್ಡಿಗೆ ಕೂರಿಸಿದ್ದರು. ಆಕಾಶಕ್ಕೆ ಹೋಗುವ ಯಂತ್ರಗಳಿಗೆ ತಂತಿ ಜೋಡಿಸುವ ಮನುಷ್ಯ ಮನೆಯ ಕೂಲರಿಗೆ ಅರ್ಥಿಂಗ್ ಕೊಟ್ಟಿರಲಿಲ್ಲ! ಇದನ್ನು ಈಗ ಬರೆಯುತ್ತಿದ್ದೇನೆ. ಅವತ್ತು ನಾನೂ ಆ ಏರ್ಪಾಡನ್ನು ನೋಡಿ ಭಾವನ ಬುದ್ಧಿಗೆ ಭೇಷ್ ಎಂದಿದ್ದೆ. ಭೌತಶಾಸ್ತ್ರದಲ್ಲಿ ಪದವಿ ಪಡೆದವಳು!

ಆ ಭಾನುವಾರ ನಾನು ಅವರ ಮನೆಯ ಸೋಫಾದಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದೆ. ಅಕ್ಕ ಕೆಳಗೆ ತರಕಾರಿ ಗಾಡಿಯ ಹತ್ತಿರ ಹೋಗಿದ್ದಳು. ಭಾವನ ಸರದಿ ಬಂತು. ಗುರುಗಳು ಬೀಗ ತೆಗೆದು ಕಣ್ಣು ಮುಚ್ಚಿದರು. ಒಂದು ನಿಮಿಷ ಬಾರಿಸುವಷ್ಟರಲ್ಲಿ ದನಿ ಟಣಟಣವಾಯಿತು. ಭಾವ ಖಂಜಿರವನ್ನು ಬಲಗೈಗೆ ದಾಟಿಸಿ, ಎಡಗೈಯನ್ನು ಎಡಬದಿಗಿದ್ದ ಕೂಲರಿನ ನೀರಿಗೆ ಅದ್ದಿದರು. ಬರಿಗಾಲು, ಕೆಳಗೆ ಚೆಲ್ಲಿದ ನೀರು. ಅವರ ಎಡಗೈ ತಗಡಿನ ಅಂಚನ್ನು ಹಿಡಿಯಿತು, ಆಮೇಲೆ ಬಿಡಲಿಲ್ಲ.

ಖಂಜಿರದ ಮರದಲ್ಲಿ ಒಂದು ಸೀಳಿದೆ, ಅದರೊಳಗೆ ಹಿತ್ತಾಳೆಯ ಪುಟ್ಟ ಬಿಲ್ಲೆಗಳಿವೆ. ಅವು ಝಲಝಲ ಎನ್ನತೊಡಗಿದವು, ಒಂದೇ ಸಮನೆ. ನಾನು ತಲೆ ಎತ್ತಲಿಲ್ಲ. ಬಾರಿಸುತ್ತಿದ್ದಾರೆ ಎಂದುಕೊಂಡೆ. ಗುರುಗಳೂ ಹಾಗೇ ಅಂದುಕೊಂಡರು.

"ಬಿಲ್ಲೆ ಜಾಸ್ತಿ ಆಯ್ತು ಸ್ವಾಮಿ," ಎಂದಿತು ಲ್ಯಾಪ್‌ಟಾಪಿನೊಳಗಿಂದ ಅವರ ದನಿ. "ಅಷ್ಟು ಬೇಡ."

ಆಗ ನೋಡಿದೆ. ಭಾವನ ಇಡೀ ಮೈ ನಡುಗುತ್ತಿತ್ತು, ದವಡೆ ಕಚ್ಚಿಕೊಂಡಿತ್ತು. ಎದ್ದು ಓಡಿದೆ, ಅವರ ಹೆಗಲಿಗೆ ಕೈ ಚಾಚಿದೆ. ಒದ್ದೆ ಕೈ, ಲೋಹ, ವಿದ್ಯುತ್ತು ಎಂದು ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿಲ್ಲ ನಾನು! ಎಲ್ಲ ಮರೆತುಹೋಗಿತ್ತು. ನನ್ನ ಬೆರಳಿಗೂ ಅವರ ಅಂಗಿಗೂ ಒಂದು ಗೇಣು ಉಳಿದಿದ್ದಾಗ ಪರದೆ ಕಣ್ಣಿಗೆ ಬಿತ್ತು. ಹನ್ನೊಂದು ಕಿಟಕಿ, ಹನ್ನೊಂದು ತೆರೆದ ಬಾಯಿ. ಎಲ್ಲರೂ ಕೂಗುತ್ತಿದ್ದರು, ಕೈ ಬೀಸುತ್ತಿದ್ದರು. ಒಂದು ಸದ್ದೂ ಇಲ್ಲ. ಮೇಲಿನ ಕಿಟಕಿಯಲ್ಲಿ ಗುರುಗಳು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದರು.

ಕೆಳಗಿನ ಸಾಲಿನಲ್ಲಿ ಸೂರತ್ತಿನ ಹೋಟೆಲಿನವರು ಎದ್ದು ನಿಂತಿದ್ದರು. ಎರಡೂ ಕೈ ಅಡ್ಡ ಮಾಡಿ ಬೇಡ ಬೇಡ ಎಂದು ತೋರಿಸಿದರು. ಬೆನ್ನ ಹಿಂದಿನ ಗೋಡೆಯ ಮೇಲಿದ್ದ ಕಬ್ಬಿಣದ ಪೆಟ್ಟಿಗೆಯತ್ತ ತಿರುಗಿ ಅದರ ಹಿಡಿಯನ್ನು ರಪ್ಪನೆ ಕೆಳಗೆಳೆದರು. ಉಗ್ರಾಣದ ದೀಪ ಆರಿ ಅವರ ಕಿಟಕಿ ಕಪ್ಪಾಯಿತು.

ನನಗೆ ಅರ್ಥವಾಯಿತು. ಬಾಗಿಲ ಬಳಿ ಚಪ್ಪಲಿ ಗೂಡಿನ ಮೇಲೆ, ಕ್ಯಾಲೆಂಡರಿನ ಹಿಂದೆ ಮನೆಯ ಮೇನ್ ಸ್ವಿಚ್ಚು. ಕ್ಯಾಲೆಂಡರು ಹರಿದು ಅದರ ಹಿಡಿ ಎಳೆದೆ. ಫ್ಯಾನು ನಿಂತಿತು, ಕೂಲರು ನಿಂತಿತು, ಬಿಲ್ಲೆ ನಿಂತಿತು. ಭಾವ ನೆಲಕ್ಕೆ ಕುಸಿದರು.

ಉಸಿರು ಇತ್ತು. ಕಣ್ಣು ತೆರೆಯಲು ಎಷ್ಟು ಹೊತ್ತಾಯಿತೋ, ಅಳೆಯುವವರೇ ಮಲಗಿದ್ದರು. ತೆರೆದವರು ನನ್ನನ್ನು ನೋಡಿ, "ನನ್ನ ಮೂರು ನಿಮಿಷ ಮುಗೀತಾ?" ಎಂದು ಕೇಳಿದರು.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಹೃದಯ ಸರಿಯಾಗಿದೆ, ಎಡ ಅಂಗೈ ಸುಟ್ಟಿದೆ, ವಾಸಿಯಾಗಲು ವಾರಗಳು ಬೇಕು ಎಂದರು. ಗಡಿಬಿಡಿಯಲ್ಲಿ ಫೋನುಗಳನ್ನೆಲ್ಲ ಮನೆಯಲ್ಲೇ ಬಿಟ್ಟು ಬಂದಿದ್ದೆವು. ಸಂಜೆ ಆರರ ಹೊತ್ತಿಗೆ ವಾರ್ಡಿನ ಬಾಗಿಲಲ್ಲಿ ಹಿಟ್ಟಿನ ಕಲೆಯ ಅಂಗಿ ತೊಟ್ಟ, ಸ್ಟೀಲಿನ ಬುತ್ತಿ ಹಿಡಿದ ಒಬ್ಬರು ನಿಂತಿದ್ದರು. ಪಾಠದ ಪುಸ್ತಕ ಅಂಚೆಯಲ್ಲಿ ಕಳಿಸಲು ಗುರುಗಳ ಬಳಿ ಎಲ್ಲರ ವಿಳಾಸವಿತ್ತು. ಅದನ್ನು ಹಿಡಿದು ಸೂರತ್ತಿನಿಂದ ರೈಲು ಹತ್ತಿ, ಸೊಸೈಟಿಯ ವಾಚ್‌ಮನ್ನನ್ನು ಕೇಳಿ ಬಂದಿದ್ದರು. ನಮ್ಮ ಸ್ವಿಚ್ಚು ಆರಿದಾಗ ಇಂಟರ್ನೆಟ್ಟೂ ಹೋಗಿತ್ತು ಎಂಬುದು ನನಗೆ ಹೊಳೆದದ್ದೇ ಆಗ.

"ನಿಮ್ಮ ಕಿಟಕಿ ಹೋಯ್ತಲ್ಲ ಅಕ್ಕ," ಎಂದರು ಅವರು. "ಹೋದದ್ದು ಕರೆಂಟಾ, ಜನವಾ ಅಂತ ಗೊತ್ತಾಗ್ಲಿಲ್ಲ. ಅದಕ್ಕೆ ಬಂದೆ."

ಅವರ ಗ್ರೈಂಡರು ಅವರಿಗೆ ಎರಡು ಸಲ ಹೀಗೇ ಹೊಡೆದಿದೆಯಂತೆ. ಅವತ್ತು ಅವರು ಹಿಡಿ ಎಳೆದಾಗ ಹೋಟೆಲಿನ ಕಿಟಕಿಯಿಲ್ಲದ ಊಟದ ಕೋಣೆಯಲ್ಲಿ ಇಪ್ಪತ್ತು ಜನ ಕತ್ತಲಲ್ಲೇ ಮಸಾಲೆ ದೋಸೆ ಮುಗಿಸಿ, ಬಲ್ಬು ಹಾಕುವವರೆಗೆ ಕೈ ತೊಳೆಯಲು ಜಾಗ ಸಿಗದೆ ಕೂತಿದ್ದರಂತೆ. ಭಾವ ನಕ್ಕರು, ನಕ್ಕು ಎದೆ ನೋವಾಯಿತು ಎಂದರು, ನರ್ಸಿನಿಂದ ಬೈಸಿಕೊಂಡರು. ಮೊದಲ ಸಲ ಎದುರೆದುರು ಸಿಕ್ಕ ಆ ಇಬ್ಬರು ಅವತ್ತು ಒಂದೂವರೆ ವರ್ಷದ ಮಾತನ್ನೆಲ್ಲ ಆಡಿ ಮುಗಿಸಿದರು. ಗುರುಗಳು ಅಂದಿನಿಂದ ಯಾರ ಬಾಯಿಗೂ ಬೀಗ ಹಾಕಿಲ್ಲ, ಕಣ್ಣನ್ನೂ ಮುಚ್ಚಿಲ್ಲ. ಈಗ ಪಾಠದಲ್ಲಿ ಕುಕ್ಕರು ಕೂಗುತ್ತದೆ, ಯಾರದೋ ಮನೆಯಲ್ಲಿ ನಾಯಿ ಬೊಗಳುತ್ತದೆ, ಸೂರತ್ತಿನಿಂದ ಎರಡು ಇಡ್ಲಿ ಒಂದು ವಡೆ ಎಂಬ ಕೂಗು ತಾಳಕ್ಕೆ ಸರಿಯಾಗಿ ಬರುತ್ತದೆ.

ಕೂಲರನ್ನು ಅಕ್ಕ ಗುಜರಿಗೆ ಹಾಕಿದಳು. ಖಂಜಿರವನ್ನೂ ಹಾಕುತ್ತಾಳೆಂದು ಹೆದರಿದ್ದೆ, ಹಾಕಲಿಲ್ಲ. ಮೂರನೆಯ ಭಾನುವಾರ ಭಾವ ಪಾಠಕ್ಕೆ ಕೂತೇ ತೀರುತ್ತೇನೆಂದರು. ಎಡಗೈ ಪೂರ್ತಿ ಬ್ಯಾಂಡೇಜು. ಹಿಡಿಯುವವರು ಯಾರು? ನಾನೇ ಹಿಡಿಯುತ್ತೇನೆಂದು ಧೈರ್ಯವಾಗಿ ಪಕ್ಕದಲ್ಲಿ ಕೂತೆ. ಗುರುಗಳು ತಾಳ ಶುರುಮಾಡಿದರು. ಭಾವನ ಬಲಗೈ ಇನ್ನೂ ಮೇಲೆದ್ದಿರಲಿಲ್ಲ, ಅಷ್ಟರಲ್ಲೇ ಬಿಲ್ಲೆಗಳು ಝಲಝಲ ಎಂದವು.

ಸೂರತ್ತಿನವರು ಕೂತಲ್ಲಿಂದ ಅರ್ಧ ಎದ್ದರು. ಗುರುಗಳ ಕೈ ಗಾಳಿಯಲ್ಲೇ ನಿಂತಿತು. ನಾನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಹಿಡಿದಷ್ಟೂ ಅವು ಜೋರಾಗಿ ಉಲಿದವು.

ಭಾವ ಒಮ್ಮೆ ನನ್ನ ಮುಖ ನೋಡಿದರು. "ನೀನು ನೋಡಿದೆ ಅಲ್ವೇನೇ ಅವತ್ತು," ಎಂದರು ಮೆಲ್ಲಗೆ. "ನಂಗೇನೂ ನೆನಪಿಲ್ಲ. ಎಲ್ಲಾ ನಿನ್ ಹತ್ರಾನೇ ಉಳ್ಕೊಂಬಿಟ್ಟಿದೆ."

ಅವರು ಬಾರಿಸಲಿಲ್ಲ. ಬಲಗೈಯನ್ನು ನನ್ನ ಕೈಯ ಮೇಲಿಟ್ಟು, ಬಿಲ್ಲೆಗಳ ಸದ್ದು ಅಡಗುವವರೆಗೆ ಹಾಗೇ ಕೂತರು. ಆ ಕೈ ಬೆಚ್ಚಗಿತ್ತು.