ಮೂರು ಲೆನ್ಸುಗಳ ಮನೆಗೊಬ್ಬ ಸೊಸೆ

ಆಗ ನನಗೆ ಅರವತ್ತೇಳು. ಈಗ್ಗೆ ನಾಲ್ಕು ವರ್ಷದ ಮಾತು. ನನ್ನ ತಮ್ಮ ನಮ್ಮೂರು ಹದಿನಾರಿನಿಂದ ತಿ. ನರಸೀಪುರಕ್ಕೆ ಹೋಗಿ, ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಕೈ ತೊಳೆಯುವಷ್ಟರಲ್ಲಿ ಮದುವೆಗೆ ಒಪ್ಪಿಬಿಟ್ಟವನು. ಅಂಥವನು ಯುಗಾದಿಗೆ ಒಂದು ಲೆನ್ಸ್ ಹುಡುಕಲು ಶುರುಮಾಡಿ, ದೀಪಾವಳಿ ಕಳೆದರೂ ಒಪ್ಪಲಿಲ್ಲ ಅಂದರೆ ನಂಬುತ್ತೀರಾ? ನಂಬಿ. ನಾನು ಅದೇ ಮನೆಯಲ್ಲಿದ್ದೆ.

ತಾಂಡ್ಯದ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ, ಕ್ಯಾಮೆರಾ ಹುಚ್ಚು. ನಂಜನಗೂಡಿನಲ್ಲಿ ಒಂದು ಸ್ಟುಡಿಯೋ ಮುಚ್ಚಿದಾಗ ಮೂರು ಹಳೇ ಲೆನ್ಸ್ ತಂದ. ಒಳಗೆ ಬೂಷ್ಟು ಹಿಡಿದಿದೆ, ಬಿಸಿಲು ಕುಡಿಯಲಿ ಅಂತ, ನಾನು ಹಪ್ಪಳ ಹರಡಿದ್ದ ಮಂಚದ ಮೇಲೆ ಇಟ್ಟಿಗೆ ಜೋಡಿಸಿ ಏರಿಸಿಟ್ಟ. ಮಧ್ಯಾಹ್ನ ನೋಡಿದರೆ ಹಪ್ಪಳದಲ್ಲಿ ತೂತು, ಕೆಳಗೆ ಹಾಸಿದ್ದ ನನ್ನ ಸೀರೆಯಲ್ಲಿ ಹೊಗೆ!

"ಒಲೆ ಇಲ್ದಂಗೆ ಅಪ್ಪಳ ಸುಟ್ಟಿದ್ದೀಯಲ್ಲೋ!"

"ನೋಡ್ದಾ ಅಕ್ಕ, ಎಂಥಾ ಗಾಜು!" ಅಂದ. ನಾಚಿಕೆ ಬೇಡವೇ?

ಆ ಮೂರಕ್ಕೂ ನೋಟ ಕಿರಿದು. ನಮ್ಮ ಜಗಲಿ ಮುಂದಿನ ಬೀದಿ ಇನ್ನೂ ಕಿರಿದು. ಫೋಟೋ ತೆಗೆಯಲು ಹಿಂದೆ ಸರಿದರೆ ಬೆನ್ನಿಗೆ ಎದುರುಮನೆ ಗೋಡೆ. ಅವನ ಮಗಳ ಮದುವೆ ಗೊತ್ತಾಗಿತ್ತು. ಚಪ್ಪರದ ದಿನ ಮನೆಮಂದಿಯೆಲ್ಲ ಜಗಲಿಯ ಮೇಲೆ ನಿಂತು ಒಂದು ಪಟ ಆಗಲೇಬೇಕು ಅಂತ ಅವನ ಹಟ. ಅದಕ್ಕೆ ಅಗಲ ನೋಟದ ವೈಡ್ ಲೆನ್ಸ್ ಬೇಕು. ಅದು ಹಳೇ ಮೂರಕ್ಕೂ ಹೊಂದಬೇಕು!

"ಸೊಸೆ ತಂದಂಗೆ ಕಣಕ್ಕ. ಬಣ್ಣವೂ ಒಂದ್ಬೇಕು, ಗುಣವೂ ಒಂದ್ಬೇಕು."

"ನಿನ್ನ ಎಂಡ್ತೀನ ತರುವಾಗ ಯಾವ ಗುಣ ನೋಡ್ದೆ?"

"ಉಪ್ಪಿಟ್ಟು ಸಂದಾಗಿತ್ತು," ಅಂದ. ಒಳಗೆ ಪಾತ್ರೆ ಸದ್ದಾಯಿತು.

ಮೊದಲ ಸೊಸೆ ಹೊಚ್ಚ ಹೊಸದು. ಹಳೇ ಲೆನ್ಸಿನಲ್ಲಿ ನಮ್ಮ ಜನ ಬೆಲ್ಲದ ಬಣ್ಣ. ಇದರಲ್ಲಿ ಎಲ್ಲರೂ ಆಸ್ಪತ್ರೆ ಟ್ಯೂಬ್‌ಲೈಟಿನ ಕೆಳಗೆ ನಿಂತವರು. ವಾಪಸು. ಎರಡನೆಯದು ಹಳೆಯದೇ, ಬಣ್ಣ ಹೊಂದಿತು. ಪರೀಕ್ಷೆಗೆಂದು ನನ್ನನ್ನು ಬೈಕಿಗೆ ಹತ್ತಿಸಿಕೊಂಡು ಸೋಮನಾಥಪುರಕ್ಕೆ ಹೋದ. ಅಲ್ಲಿ ದೇವಸ್ಥಾನವನ್ನು ನಡುವೆ ಇಟ್ಟು, ನನ್ನನ್ನು ತುದಿಗೆ ನಿಲ್ಲಿಸಿದ.

"ಕಂಬ ಡೊಂಕು," ಅಂತ ಗೊಣಗಿದ.

"ಕಟ್ಟಿದಾಗ್ಲಿಂದ ನೆಟ್ಗಿದ್ದ ಕಂಬ ನೀನು ಬಂದೇಟ್ಗೇ ಡೊಂಕಾಯ್ತಾ?"

ಆಮೇಲೆ ನನ್ನನ್ನೂ ತೋರಿಸಿದ. ತಲೆ ಸೋರೆಕಾಯಿ, ಸೊಂಟ ರಾಗಿ ಕಣಜ! ಇಂಥ ಲೆನ್ಸು ತುದಿಯವರನ್ನು ಎಳೆದು ಹಿಗ್ಗಿಸುತ್ತದಂತೆ. ಅದೂ ವಾಪಸು. ಮೂರನೆಯದು ಬಂದಾಗ ನಾನು ಕರೆದರೂ ಹೋಗಲಿಲ್ಲ. ಒನಕೆಗೆ ನನ್ನ ಸೀರೆ ಸುತ್ತಿ ಜಗಲಿಯ ತುದಿಯಲ್ಲಿ ನಿಲ್ಲಿಸಿ ತೆಗೆದ. ಬೀದಿಯೇ ನಿಂತು ನಕ್ಕಿತು. ಒನಕೆಯೂ ದಪ್ಪಗಾಯಿತು!

ಚಪ್ಪರದ ಹಿಂದಿನ ಸಂಜೆಗೂ ಅವನದು ಅದೇ ರಾಗ. ಅವನ ಹೆಂಡತಿಗೆ ಸಾಕಾಯಿತು.

"ನಡುವ್ಲೋರು ಸಂದಾಗಿ ಬತ್ತಾರಲ್ಲ, ಇದನ್ನೇ ಮಡೀಕಳಿ. ತುದೀಲಿರೋರು ಒಸಿ ದಪ್ಪ ಆದ್ರೆ ಏನು ಗಂಟು ಓಯ್ತದೆ?"

ಅವನು ಗೋಡೆಯ ಮೇಲಿದ್ದ ತಮ್ಮಿಬ್ಬರ ಮದುವೆ ಫೋಟೋ ತೋರಿಸಿದ. ಅದರ ಅಂಚಿನಲ್ಲಿ ಒಂದು ಕೈ ಇದೆ. ಬಳೆಯಿಲ್ಲದ ಕೈ, ಮೊಣಕೈವರೆಗೆ. ಮಿಕ್ಕ ಹೆಂಗಸು ಪಟದಲ್ಲಿಲ್ಲ. ಅದು ನಾನು. ಗಂಡ ಸತ್ತು ತವರಿಗೆ ಬಂದ ವರ್ಷ. ಶುಭದ ಪಟಕ್ಕೆ ನಾನೇಕೆ ಅಂತ ನಾನೇ ಪಕ್ಕಕ್ಕೆ ಸರಿದಿದ್ದೆ. ಆಮೇಲೂ ಎಲ್ಲ ಪಟದಲ್ಲೂ ಅಲ್ಲೇ ನಿಂತೆ.

"ನಮ್ಮಕ್ಕ ನಿಂತ್ಕಳದು ತುದೀಲೇ ಕಣೆ," ಅಂದ. "ಒಳಕ್ಕೆ ಬಾ ಅಂದ್ರೆ ಬರಕಿಲ್ಲ. ಅಲ್ಲಿ ನಿಂತ್ರೂ ಅವಳು ಅವಳಂಗೇ ಬರ್ಬೇಕು."

ನಾನು ಅಡುಗೆಮನೆ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದೆ. ಕೇಳಿಸಲಿಲ್ಲವೆಂಬಂತೆ ಆರಿಸಿದೆ.

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಿಂದು, ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ ಉಟ್ಟು, ಕುರ್ಚಿಯೊಂದನ್ನು ಎಳೆದು ಜಗಲಿಯ ನಟ್ಟನಡುವೆ ಹಾಕಿಕೊಂಡು ಕೂತೆ.

"ಯಾವ್ ಲೆನ್ಸಾದ್ರೂ ಆಕ್ಕಳ್ಲಾ," ಅಂದೆ. "ಅಪ್ಪಳ ಸುಟ್ಟಿದ್ದೊಂದ ಬುಟ್ಟು."